ಮೋಟಾರು ಗಾಡಿಯ ಕಮಾನು

ಹಳಗನ್ನಡದ ಪದ್ಯಗಳಿಗೆ ಅನ್ವಯಾರ್ಥ ಹೇಳಿಕೊಂಡು ಇಪ್ಪತ್ತೇಳು ವರ್ಷ ಕಳೆದ ಒಬ್ಬ ಕನ್ನಡ ಪಂಡಿತ, ಲಾರಿ ಜೀಪುಗಳ ಸ್ಪ್ರಿಂಗಿನ ವಿಷಯ ಮಾತನಾಡಲು ಬಂದಿದ್ದಾನೆಂದರೆ ಶ್ರೋತೃಗಳಲ್ಲಿ ಕೆಲವರಿಗಾದರೂ ನಗು ಬಂದೀತು. ನಗಲಿ, ಬೇಸರವಿಲ್ಲ. ನನಗೆ ಸ್ಕೂಟರು ಬಿಟ್ಟು ಬೇರೆ ವಾಹನ ನಡೆಸಲು ಬರುವುದಿಲ್ಲ. ಅದನ್ನು ಕೂಡ ಮಳೆ ಬಂದರೆ ತಳ್ಳಿಕೊಂಡೇ ಹೋಗುವವನು ನಾನು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ತಿಳಿಯದ ಸಂಗತಿಗೆ ಒಮ್ಮೆ ನಾನು ತಲೆಯಾಡಿಸಿಬಿಟ್ಟೆ. ಅದರ ಫಲವನ್ನು ಬೇರೆಯವರು ಅನುಭವಿಸಿದರು. ಆಮೇಲೆ ಕಲಿತದ್ದನ್ನು ಹೇಳಬೇಕಾದದ್ದು ನ್ಯಾಯವಷ್ಟೆ.

ನನ್ನ ಊರು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಬಂಡಳ್ಳಿ. ಊರ ಹೆಸರಿನಲ್ಲಿರುವುದು ಬಂಡೆಯೋ ಬಂಡಿಯೋ ಎಂದು ಶಾಲೆಯ ಹುಡುಗರು ವರ್ಷಕ್ಕೊಮ್ಮೆ ಕೇಳುವುದುಂಟು. ವ್ಯುತ್ಪತ್ತಿ ಹೇಳುವ ಚಪಲ ಪಂಡಿತರಿಗೆ ಸಹಜವಾದದ್ದು. ಇಂದು ಅದನ್ನು ಬಿಗಿಹಿಡಿದುಕೊಳ್ಳುತ್ತೇನೆ. ಬಂಡೆಯೂ ಸಾಕಷ್ಟಿದೆ, ಬಂಡಿಯೂ ಸಾಕಷ್ಟಿದೆ ಎಂದರೆ ಮುಗಿಯಿತು. ಒಂದು ಕಡೆ ಹನೂರು, ಕೊಳ್ಳೇಗಾಲ; ಇನ್ನೊಂದು ಕಡೆ ಕಾಡು. ಹನೂರಿನಿಂದ ಕೌದಳ್ಳಿ, ತಾಳಬೆಟ್ಟದ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹತ್ತಿ, ಅಲ್ಲಿಂದ ಪಾಲಾರಿಗೆ ಇಳಿದರೆ ತಮಿಳುನಾಡಿನ ಮೆಟ್ಟೂರಿನ ಸೀಮೆ. 1956ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಾದ್ದರಿಂದ ನಮ್ಮ ವ್ಯಾಪಾರದ ಒಂದು ಕಾಲು ಇಂದಿಗೂ ಆ ಕಡೆಯೇ ಇದೆ. ರೇಷ್ಮೆಗೂಡು ಕೊಳ್ಳೇಗಾಲಕ್ಕೆ ಹೋಗುತ್ತದೆ. ಮುಸುಕಿನ ಜೋಳ ಕೋಳಿಯ ಮೇವಿಗೆಂದು ಘಟ್ಟ ಇಳಿಯುತ್ತದೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಇದೇ ದಾರಿಯಲ್ಲಿ ಮಾದಪ್ಪನ ಪರಿಷೆಗೆ ಜನ ಸಾಗುತ್ತಾರೆ. ಸಾಮಾನಿಗೂ ಮನುಷ್ಯರಿಗೂ ಇರುವ ರಸ್ತೆ ಒಂದೇ.

ನಾನು ಹುಡುಗನಾಗಿದ್ದಾಗ ಈ ದಾರಿಯಲ್ಲಿ ಎತ್ತಿನ ಗಾಡಿ, ಹಳೆಯ ಜೀಪು, ಅಪರೂಪಕ್ಕೆ ಒಂದು ಟಾಟಾ ಲಾರಿ ಕಾಣುತ್ತಿದ್ದವು. ಜೀಪೆಂಬುದು ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ವಾಹನ. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಅದನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದರು. ಟಾಟಾ ಕಂಪನಿಯವರು ಜರ್ಮನಿಯ ಡೈಮ್ಲರ್-ಬೆನ್ಜ್ ಕಂಪನಿಯ ಜೊತೆ ಸೇರಿ ಲಾರಿ ತಯಾರಿಸತೊಡಗಿದ್ದು 1954ರಲ್ಲಿ. ಈಗಲಾದರೋ ಮನೆಗೊಂದು ಎತ್ತಿನ ಜೋಡಿ ಇದ್ದ ಬೀದಿಯಲ್ಲಿ ನಾಲ್ಕು ಮನೆಗೊಂದು ಪಿಕಪ್ ಗಾಡಿ ನಿಂತಿದೆ. ಜೊತೆಗೆ ವಾರದ ಕೊನೆಗೆ ಮೈಸೂರು, ಬೆಂಗಳೂರುಗಳಿಂದ ಬೆಟ್ಟಕ್ಕೆ ಬರುವ ದೊಡ್ಡ ದೊಡ್ಡ ಕಾರುಗಳು. ಅವನ್ನು ಎಸ್‌ಯುವಿ ಎನ್ನುತ್ತಾರೆ. ಕೆಲವಂತೂ ಮದುವೆಯ ಆನೆಯಂತೆ ಅಲಂಕಾರ ಮಾಡಿಸಿಕೊಂಡು ಬರುತ್ತವೆ: ಆಳೆತ್ತರದ ಟೈರು, ಮುಂದೆ ಕಬ್ಬಿಣದ ಕಂಬಿ, ತಲೆಯ ಮೇಲೆ ಸಾಲು ದೀಪ.

ಗಾಡಿಯನ್ನು ಕಾರ್ಖಾನೆಯಿಂದ ತಂದ ಹಾಗೆಯೇ ಇಟ್ಟುಕೊಳ್ಳುವ ಯಜಮಾನ ನಮ್ಮ ಕಡೆ ವಿರಳ. ಎತ್ತು ತಂದ ದಿನವೇ ಕೊಂಬು ಹೆರೆಸಿ ಬಣ್ಣ ಬಳಿಯುವ ಜನ ನಾವು. ಗಾಡಿಯನ್ನು ಸುಮ್ಮನೆ ಬಿಟ್ಟೇವೆ? ಸರಕು ಹೊರುವವನು ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸುತ್ತಾನೆ. ಕಲ್ಲುದಾರಿಯಲ್ಲಿ ಜೀಪು ಓಡಿಸುವವನು ಅದನ್ನು ನಾಲ್ಕು ಬೆರಳು ಎತ್ತರಿಸುತ್ತಾನೆ. ಪಟ್ಟಣದ ತರುಣ ‘ಪಿಕಪ್ ಸಾಲದು’ ಎಂದು ಇಂಜಿನ್ನಿನ ಎಲೆಕ್ಟ್ರಾನಿಕ್ ಮಿದುಳಿಗೆ ಬೇರೆ ಪಾಠ ಹೇಳಿಸುತ್ತಾನೆ. ಇವುಗಳಲ್ಲಿ ಒಳ್ಳೆಯದೂ ಉಂಟು, ಕೇಡೂ ಉಂಟು. ಯಾವುದು ಯಾವುದೆಂದು ತಿಳಿಯಬೇಕಾದರೆ ಮೊದಲು ಸ್ಪ್ರಿಂಗು ಅಲ್ಲೇಕೆ ಇದೆ ಎಂಬುದನ್ನು ನೋಡಬೇಕು.

ಇಲ್ಲಿ ಒಂದು ಪದದ ಮಾತು. ನನ್ನ ಕಸುಬನ್ನು ಪೂರ್ತಿ ಬಿಡಲಾರೆ. ಸ್ಪ್ರಿಂಗಿಗೆ ಕನ್ನಡದಲ್ಲಿ ‘ಕಮಾನು’ ಎಂಬ ಮಾತಿದೆ. ಇದು ಪಾರಸಿಯಿಂದ ಬಂದದ್ದು. ಆ ಭಾಷೆಯಲ್ಲಿ ಕಮಾನ್ ಎಂದರೆ ಬಿಲ್ಲು. ಲಾರಿಯ ಚಕ್ರದ ಹತ್ತಿರ ಬಗ್ಗಿ ನೋಡಿದರೆ ಈ ಹೆಸರು ಎಷ್ಟು ಒಪ್ಪುತ್ತದೆಂಬುದು ಗೊತ್ತಾಗುತ್ತದೆ. ಉದ್ದದ ಪಟ್ಟಿಯ ಕೆಳಗೆ ಅದಕ್ಕಿಂತ ಗಿಡ್ಡ ಪಟ್ಟಿ, ಅದರ ಕೆಳಗೆ ಇನ್ನೂ ಗಿಡ್ಡ ಪಟ್ಟಿ, ಹೀಗೆ ಉಕ್ಕಿನ ಬಿಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ನಡುವೆ ಬಿಗಿದಿರುತ್ತಾರೆ. ಭಾರ ಬಿದ್ದಾಗ ಬಿಲ್ಲು ನೆಟ್ಟಗಾಗುತ್ತದೆ, ಭಾರ ತೆಗೆದರೆ ಮತ್ತೆ ಬಾಗುತ್ತದೆ. ಎಷ್ಟು ಭಾರವೋ ಅಷ್ಟು ತಗ್ಗು ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತ 1678ರಲ್ಲಿ ಪ್ರಕಟಿಸಿದ. ನಮ್ಮ ಎತ್ತಿನ ಗಾಡಿಗೆ ಈ ಬಿಲ್ಲು ಇರಲಿಲ್ಲ. ಹಳ್ಳ ಸಿಕ್ಕಿದರೆ ಪೆಟ್ಟು ನೇರವಾಗಿ ಕುಳಿತವರ ಸೊಂಟಕ್ಕೆ. ಜಟಕಾಕ್ಕೆ ಇತ್ತು, ಆದ್ದರಿಂದಲೇ ಅದರಲ್ಲಿ ಕುಳಿತವರು ತೂಗಾಡುತ್ತಾ ಹೋಗುತ್ತಿದ್ದರು. ಮೋಟಾರಿನಲ್ಲಿ ಆ ತೂಗಾಟ ಮುಂದುವರಿಯದಂತೆ ಹಿಡಿಯಲು ಇನ್ನೊಂದು ಸಾಧನವುಂಟು, ಶಾಕ್ ಅಬ್ಸಾರ್ಬರು. ಎಣ್ಣೆ ತುಂಬಿದ ಕೊಳವೆಯಲ್ಲಿ ಸಣ್ಣ ರಂಧ್ರಗಳಿರುವ ಒಂದು ಬಿಲ್ಲೆ ಮೇಲೆ ಕೆಳಗೆ ಆಡುತ್ತದೆ. ರಂಧ್ರದಲ್ಲಿ ನುಸುಳುವ ಎಣ್ಣೆ ಕುಣಿತದ ಶಕ್ತಿಯನ್ನು ಕಾವಾಗಿ ಮಾರ್ಪಡಿಸುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತು ಮೈಲಿ ಓಡಿದ ಗಾಡಿಯ ಶಾಕನ್ನು ಮುಟ್ಟಿದರೆ ಬೆಚ್ಚಗಿರುವುದು ಇದರಿಂದಲೇ. ಸ್ಪ್ರಿಂಗು ಹೊರುತ್ತದೆ, ಶಾಕು ಸಮಾಧಾನಪಡಿಸುತ್ತದೆ. ಅತ್ತೆ ಸೊಸೆಯರಂತೆ ಇವೆರಡೂ ಒಂದಕ್ಕೊಂದು ಹೊಂದಿಕೊಂಡಿದ್ದರೆ ಮಾತ್ರ ಮನೆ ನಡೆಯುತ್ತದೆ.

ಈಗ ನನ್ನ ತಪ್ಪಿನ ಕತೆಗೆ ಬರುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ ಪಿಕಪ್ ಗಾಡಿ ತೆಗೆದುಕೊಂಡ. ಒಂದೂವರೆ ಟನ್ನು ಹೊರುವ ಗಾಡಿ. ಓದಿನಲ್ಲಿ ಹಿಂದಾದರೂ ದುಡಿಮೆಯಲ್ಲಿ ಗಟ್ಟಿಗ. ಸಾಲದ ಕಂತು ತಪ್ಪಿಸಿದವನಲ್ಲ. ಐವತ್ತು ಕಿಲೋ ಜೋಳದ ಮೂಟೆ ಮೂವತ್ತು ಹಾಕಿದರೆ ಲೆಕ್ಕಕ್ಕೆ ಸರಿ. ಅವನು ಮೂವತ್ತಾರರವರೆಗೆ ಹಾಕುತ್ತಿದ್ದ. ಅದಕ್ಕಿಂತ ಹೆಚ್ಚು ಹಾಕಿದರೆ ಹಿಂಭಾಗ ನೆಲ ಮುಟ್ಟುವಂತೆ ಕುಸಿಯುತ್ತಿದ್ದುದರಿಂದ ಅವನಿಗೇ ಹೆದರಿಕೆ. ಒಂದು ದಿನ ಶಾಲೆಯ ಗೇಟಿನ ಬಳಿ ಗಾಡಿ ನಿಲ್ಲಿಸಿ ಕೇಳಿದ: “ಸಾ, ಹಿಂದ್ಗಡೆ ಬಾಳ ತಗ್ಗತದ. ಎಲ್ಡು ಪ್ಲೇಟು ಹೆಚ್ಗೆ ಹಾಕ್ಸುಬುಡ್ಲಾ ಅಂತ. ನೀವೇನಂದೀರಿ?”

ಅವನು ಕೇಳಿದ್ದು ಮೋಟಾರು ತಿಳಿದವನೆಂದಲ್ಲ, ಮೇಷ್ಟ್ರು ಎಂದು. ಹಳ್ಳಿಯಲ್ಲಿ ಮೇಷ್ಟರಿಗೆ ಜ್ವರದ ಮದ್ದಿನಿಂದ ಹಿಡಿದು ಜಮೀನಿನ ವ್ಯಾಜ್ಯದವರೆಗೆ ಎಲ್ಲವೂ ತಿಳಿದಿರಬೇಕು. ‘ಗೊತ್ತಿಲ್ಲಪ್ಪ’ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನಾನಾದರೋ, ತಗ್ಗುವುದು ದೌರ್ಬಲ್ಯ, ಪ್ಲೇಟು ಬಲ, ಬಲ ಹೆಚ್ಚಿಸಿಕೊಂಡರೆ ತಪ್ಪೇನು ಎಂದು ತರ್ಕ ಮಾಡಿ, “ಹಾಕಿಸು, ಒಳ್ಳೆಯದೇ” ಎಂದೆ. ಅವನು ಪಟ್ಟಣದ ಒಂದು ಗ್ಯಾರೇಜಿನಲ್ಲಿ ಹಾಕಿಸಿಕೊಂಡು ಬಂದು ತೋರಿಸಿದ. ಹಿಂಭಾಗ ಎತ್ತಿಕೊಂಡು ಗಾಡಿ ಕೊಬ್ಬಿದ ಹೋರಿಯ ಹಾಗೆ ನಿಂತಿತ್ತು. “ಎಂಗೆ ನಿಂತ್ಕಂಡದ ನೋಡಿ ಸಾ” ಎಂದು ಅವನಿಗೆ ಹಿಗ್ಗು, ನೋಡಿ ನನಗೂ ಹಿಗ್ಗು.

ಆಮೇಲೆ ಮೂವತ್ತಾರು ಮೂಟೆ ನಲವತ್ತಾಯಿತು, ನಲವತ್ತು ನಲವತ್ತೆಂಟಾಯಿತು. ಗಾಡಿ ತಗ್ಗಲೇ ಇಲ್ಲ. ತಗ್ಗದಿದ್ದುದರಿಂದ ಅವನ ಹೆದರಿಕೆಯೂ ಹೋಯಿತು.

ಕಾರ್ತಿಕ ಮಾಸದ ಒಂದು ಬೆಳಗಿನ ಜಾವ, ಹಿಂದಿನ ರಾತ್ರಿ ಮಳೆ ಬಂದು ರಸ್ತೆ ಒದ್ದೆಯಾಗಿತ್ತು. ನಲವತ್ತೆಂಟು ಮೂಟೆ ಹೊತ್ತ ಗಾಡಿ ಮಹದೇಶ್ವರ ಬೆಟ್ಟ ಹತ್ತಿ ಪಾಲಾರಿನ ಕಡೆಗೆ ಇಳಿಯುತ್ತಿತ್ತು. ಆ ಇಳಿಜಾರಿನಲ್ಲಿ ತಿರುವಿನ ಮೇಲೆ ತಿರುವು. ಡೀಸೆಲು ಉಳಿಯಲೆಂದು ಅವನು ಅಲ್ಲಲ್ಲಿ ಗೇರು ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಡುತ್ತಿದ್ದನಂತೆ. ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕು ಮೆತ್ತಗಾಗಿ ಕಾಲು ಕೆಳಗಿಳಿಯಿತು. ಹುಡುಗ ಧೈರ್ಯವಂತ. ಇಂಜಿನ್ನನ್ನು ಎರಡನೆಯ ಗೇರಿಗೆ ತಂದು, ಹ್ಯಾಂಡ್ ಬ್ರೇಕು ಎಳೆದು, ಕಮರಿಯ ಕಡೆಗೆ ಬಿಡದೆ ಬೆಟ್ಟದ ಮಗ್ಗುಲಿನ ಚರಂಡಿಗೆ ಗಾಡಿ ಇಳಿಸಿದ. ಗಾಡಿ ಎಡಕ್ಕೆ ವಾಲಿ ದಿಣ್ಣೆಗೆ ಒರಗಿ ನಿಂತಿತು. ಎಡಗಡೆ ಕುಳಿತಿದ್ದವನು ಅವನ ಸೋದರತ್ತೆಯ ಮಗ. ಹತ್ತನೆಯ ತರಗತಿಯ ಗಣಿತದಲ್ಲಿ ತೇರ್ಗಡೆಯಾಗದೆ ಶಾಲೆ ಬಿಟ್ಟು, ಹದಿನೆಂಟು ತುಂಬಿದ್ದೇ ಕ್ಲೀನರಾಗಿ ಸೇರಿಕೊಂಡಿದ್ದ ನನ್ನ ಇನ್ನೊಬ್ಬ ಶಿಷ್ಯ. ಬಾಗಿಲಿಗೂ ದಿಣ್ಣೆಗೂ ಸಿಕ್ಕಿ ಅವನ ಎಡಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಜೀವ ಉಳಿಯಿತು.

ಸುದ್ದಿ ತಿಳಿದು ಆಸ್ಪತ್ರೆಗೆ ಹೋದೆ. ಹುಡುಗನ ತಾಯಿ ನನ್ನನ್ನು ನೋಡಿ, “ನಿಮ್ಮನ್ನ ಕೇಳೇ ಹಾಕ್ಸುದ್ದಂತಲ್ಲ ಮೇಷ್ಟ್ರೇ” ಎಂದರು. ಆಕೆಯ ಮಾತಿನಲ್ಲಿ ದೂರಿರಲಿಲ್ಲ. ಮೇಷ್ಟರನ್ನೂ ಕೇಳಿ ಮಾಡಿದ್ದಕ್ಕೆ ಹೀಗಾಯಿತಲ್ಲಾ ಎಂಬ ಆಶ್ಚರ್ಯ ಮಾತ್ರ ಇತ್ತು. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ಗಾಡಿಯನ್ನು ಎಳೆದು ತಂದ ಮೇಲೆ, ಲಾರಿ ರಿಪೇರಿಯಲ್ಲೇ ತಲೆ ನರೆತ ಒಬ್ಬ ಮೆಕ್ಯಾನಿಕ್ ಅದನ್ನು ನೋಡಲು ಬಂದರು. ನಾನೂ ಜೊತೆಗೆ ಹೋದೆ. ಅವರು ಮುಂದಿನ ಬ್ರೇಕನ್ನು ಬಿಚ್ಚಿ ನೋಡಿದರು: ಕಾದು ಬಣ್ಣಗೆಟ್ಟಿತ್ತು. ಹಿಂದಿನದನ್ನು ಬಿಚ್ಚಿದರು: ಹೆಚ್ಚು ಸವೆದೇ ಇರಲಿಲ್ಲ. ಆಮೇಲೆ ಗಾಡಿಯ ಕೆಳಗೆ ಮಲಗಿ ನನ್ನನ್ನೂ ಬಗ್ಗಿಸಿ ಒಂದು ಸಣ್ಣ ಕಡ್ಡಿಯನ್ನು ತೋರಿಸಿದರು. ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ, ಕೈಬೆರಳು ದಪ್ಪದ್ದು. “ಮೇಷ್ಟ್ರೇ, ಮ್ಯಾಗೆ ಏಸು ಭಾರ ಅದೆ ಅಂತ ಗಾಡಿಗೆ ಗೊತ್ತಾಗದೇ ಈ ಕಡ್ಡೀಲಿ. ಇದ್ನ ಯಾರೂ ನೋಡೇ ಇಲ್ಲ.”

ಶ್ರೋತೃಗಳು ಈ ಕಡ್ಡಿಯ ವಿಷಯವನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಗಾಡಿ ಬರಿದಾಗಿರುವಾಗ ಹಿಂದಿನ ಚಕ್ರಗಳ ಮೇಲೆ ಭಾರ ಕಡಮೆ. ಆಗ ಹಿಂದಿನ ಬ್ರೇಕು ಜೋರಾಗಿ ಹಿಡಿದರೆ ಚಕ್ರ ತಿರುಗದೆ ಜಾರಿ, ಗಾಡಿಯ ಬಾಲ ಮುಂದಕ್ಕೆ ಬರುತ್ತದೆ. ಭಾರ ತುಂಬಿರುವಾಗ ಇದಕ್ಕೆ ವಿರುದ್ಧ. ಹಿಂದಿನ ಬ್ರೇಕು ಚೆನ್ನಾಗಿ ಹಿಡಿಯಲೇಬೇಕು. ಒಂದೇ ಗಾಡಿಗೆ ಎರಡು ಬಗೆಯ ಬ್ರೇಕು ಬೇಕು. ಇದಕ್ಕಾಗಿ ಅನೇಕ ಪಿಕಪ್ ಗಾಡಿಗಳಲ್ಲಿ ಒಂದು ಕವಾಟವನ್ನು, ಎಂದರೆ ವಾಲ್ವನ್ನು, ಇಟ್ಟಿರುತ್ತಾರೆ. ಭಾರ ಬಿದ್ದು ಚಾಸಿ ತಗ್ಗಿದರೆ ಈ ಕಡ್ಡಿ ವಾಲ್ವನ್ನು ಒತ್ತುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಚಾಸಿ ಮೇಲಿದ್ದರೆ ಗಾಡಿ ಬರಿದಾಗಿದೆಯೆಂದು ತಿಳಿದು ಒತ್ತಡವನ್ನು ಕಡಮೆ ಮಾಡುತ್ತದೆ. ಈ ವಾಲ್ವಿಗೆ ಕಣ್ಣಿಲ್ಲ, ತಕ್ಕಡಿಯಿಲ್ಲ. ಗಾಡಿ ಎಷ್ಟು ತಗ್ಗಿದೆ ಎಂಬುದೊಂದೇ ಅದಕ್ಕೆ ತಿಳಿಯುವ ಭಾಷೆ.

ಎರಡು ಪ್ಲೇಟು ಹಾಕಿಸಿ ನಾವು ಆ ಭಾಷೆಯನ್ನೇ ಕೆಡಿಸಿದ್ದೆವು. ಇಪ್ಪತ್ತನಾಲ್ಕು ಕ್ವಿಂಟಾಲು ಜೋಳವನ್ನು ಬೆನ್ನ ಮೇಲೆ ಹೊತ್ತ ಗಾಡಿ, ತಾನು ಬರಿಗಾಡಿಯೆಂದೇ ಬಗೆದು ಘಟ್ಟ ಇಳಿಯುತ್ತಿತ್ತು. ಹಿಂದಿನ ಬ್ರೇಕಿನ ಕೆಲಸವನ್ನೂ ಮುಂದಿನದೇ ಮಾಡಬೇಕಾಯಿತು. ತಗ್ಗುವುದು ದೌರ್ಬಲ್ಯ ಎಂದು ನಾನು ತಿಳಿದದ್ದು ತಪ್ಪು. ತಗ್ಗುವುದು ಗಾಡಿ ಆಡುವ ಮಾತು. ವಾಲ್ವಿಗೆ ಆಡುತ್ತದೆ, ಯಜಮಾನನಿಗೂ ಆಡುತ್ತದೆ. ಮೂವತ್ತಾರು ಮೂಟೆಗೆ ಅವನನ್ನು ನಿಲ್ಲಿಸಿದ್ದೂ ಆ ಮಾತೇ ಅಲ್ಲವೆ?

ಪ್ಲೇಟು ಹೆಚ್ಚಿದರೆ ಗಾಡಿಯ ಹೊರುವ ಶಕ್ತಿ ಹೆಚ್ಚಿತೆಂದು ತಿಳಿಯುವವರು ಈಗಲೂ ಬಹಳ. ಲೆಕ್ಕಕ್ಕೆ ಎಂಟು ಸಮನಾದ ಪ್ಲೇಟುಗಳಿದ್ದು ಅಂಥವೇ ಎರಡನ್ನು ಸೇರಿಸಿದರೆ ಸ್ಪ್ರಿಂಗಿನ ಬಿಗಿ ಕಾಲು ಭಾಗ ಹೆಚ್ಚುತ್ತದೆ. ಐದು ಅಂಗುಲ ತಗ್ಗುತ್ತಿದ್ದ ಕಡೆ ನಾಲ್ಕು ಅಂಗುಲ ತಗ್ಗುತ್ತದೆ. ಅಷ್ಟೇ. ಅಚ್ಚು ಅದೇ, ಬೇರಿಂಗು ಅದೇ, ಟೈರು ಅದೇ, ಬ್ರೇಕು ಅದೇ, ಚಾಸಿಯ ಉಕ್ಕೂ ಅದೇ. ಮೂಟೆ ಹೊರುವವನ ಬೆನ್ನು ಬಾಗುತ್ತದೆಂದು ಬೆನ್ನಿಗೆ ಹಲಗೆ ಕಟ್ಟಿದರೆ ಬೆನ್ನೇನೋ ಬಾಗದು, ಮಂಡಿಯ ಗತಿ? ಬರಿಗಾಡಿಯಲ್ಲಂತೂ ಬಿಗಿಯಾದ ಸ್ಪ್ರಿಂಗು ಹಳ್ಳದ ಪೆಟ್ಟನ್ನು ನುಂಗದೆ ಚಾಸಿಗೆ ದಾಟಿಸುತ್ತದೆ, ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಏನು ಫಲ?

ಬ್ರೇಕು ಕಾಯುವ ವಿಚಾರವನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಗಾಡಿ, ಸರಕು ಎರಡೂ ಸೇರಿ ನಾಲ್ಕು ಟನ್ನು ಎಂದಿಟ್ಟುಕೊಳ್ಳಿ. ಅದು 500 ಮೀಟರು ಎತ್ತರ ಇಳಿಯುವುದಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 60 ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಸಾಕು. ಒಂದು ದೊಡ್ಡ ಹಂಡೆ ನೀರು! ಇಂಜಿನ್ನು ಗೇರಿನಲ್ಲಿದ್ದರೆ ಈ ಕಾವಿನಲ್ಲಿ ಒಳ್ಳೆಯ ಪಾಲನ್ನು ಅದೇ ತೆಗೆದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿದರೆ ಆ ಹಂಡೆಯ ಒಲೆಯೆಲ್ಲಾ ಬ್ರೇಕಿನ ಅಂಗೈಯಗಲದ ತುಂಡುಗಳ ಮೇಲೆಯೇ. ಹಳೆಯ ಬ್ರೇಕ್ ಎಣ್ಣೆ ಗಾಳಿಯಿಂದ ನೀರನ್ನು ಹೀರಿಕೊಂಡಿರುತ್ತದೆ. ಕಾದಾಗ ಆ ನೀರು ಆವಿಯಾಗಿ, ತುಳಿದ ಕಾಲು ಮೆತ್ತಗೆ ಕೆಳಗಿಳಿಯುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಡ್ರೈವರುಗಳ ಮಾತಿನ ಅರ್ಥ ನನಗೆ ಆ ದಿನ ಆಯಿತು.

ಭಾರದಿಂದ ರಸ್ತೆಗೆ ಆಗುವ ಹಾನಿಯ ಮಾತೂ ಇಲ್ಲೇ ಬರುತ್ತದೆ. ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವಾ ಎಂಬ ಊರಿನ ಬಳಿ 1958ರಿಂದ 1960ರವರೆಗೆ ರಸ್ತೆಯ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಮಾಡಿ, ಬೇರೆ ಬೇರೆ ಭಾರದ ಲಾರಿಗಳನ್ನು ಸೈನ್ಯದ ಡ್ರೈವರುಗಳಿಂದ ಎಡೆಬಿಡದೆ ಓಡಿಸಿ, ಯಾವುದು ಎಷ್ಟು ಬೇಗ ಕೆಡುವುದೆಂದು ನೋಡಿದರು. ಅದರಿಂದ ತಿಳಿದದ್ದು: ಅಚ್ಚಿನ ಮೇಲಣ ಭಾರ ಎರಡರಷ್ಟಾದರೆ ಹಾನಿ ಎರಡರಷ್ಟಲ್ಲ, ಹೆಚ್ಚುಕಡಮೆ ಹದಿನಾರರಷ್ಟು. ಒಂದೂವರೆಯಷ್ಟಾದರೆ ಐದರಷ್ಟು. ನಮ್ಮ ಕಡೆಯ ರಸ್ತೆಗೆ ಟಾರು ಹಾಕಿದ ಮೂರು ವರ್ಷಕ್ಕೆ ಹಳ್ಳ ಬಿದ್ದರೆ ಕಂಟ್ರಾಕ್ಟರನ್ನು ಬೈಯುತ್ತೇವೆ. ಬೈಯುವುದು ಬೇಡವೆನ್ನಲಾರೆ, ಜೊತೆಗೆ ಸ್ವಲ್ಪ ನಮ್ಮ ಮೂಟೆಗಳನ್ನೂ ಎಣಿಸಬೇಕು. ಹಳ್ಳ ಬಿದ್ದಿತೆಂದು ಸ್ಪ್ರಿಂಗು ಬಿಗಿ ಮಾಡಿಸುವುದು, ಬಿಗಿ ಮಾಡಿಸಿ ಭಾರ ಏರಿಸುವುದು, ಭಾರಕ್ಕೆ ಮತ್ತೆ ಹಳ್ಳ ಬೀಳುವುದು. ಈ ಗಾಣ ತಿರುಗುತ್ತಲೇ ಇದೆ.

ಪಟ್ಟಣದ ಶ್ರೋತೃಗಳು, ನಮಗೆ ಜೋಳದ ಮೂಟೆಯ ಗೊಡವೆಯಿಲ್ಲವಲ್ಲ ಎಂದುಕೊಂಡಿರಬಹುದು. ನಿಮ್ಮ ಮನೆಯ ಮುಂದೆ ನಿಂತಿರುವ ದೊಡ್ಡ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಎತ್ತರಿಸಿದರೆ ನೋಡಲು ಠೀವಿ, ಕಲ್ಲುದಾರಿಯಲ್ಲಿ ತಳ ತಗಲುವುದಿಲ್ಲ, ನಿಜ. ಆದರೆ ಎರಡು ಚಕ್ರಗಳ ನಡುವಣ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿ ನೋಡಿ. ಅಗಲ ಒಂದೂವರೆ ಮೀಟರು, ಎತ್ತರ 70 ಸೆಂಟಿಮೀಟರು ಇದ್ದರೆ ಒಂದಕ್ಕಿಂತ ತುಸು ಹೆಚ್ಚು ಬರುತ್ತದೆ. ಎತ್ತರ 77 ಆದರೆ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಈ ಸಂಖ್ಯೆ ಕಡಮೆಯಾದಷ್ಟೂ ತಿರುವಿನಲ್ಲಿ ಮಗುಚುವುದು ಸುಲಭ. ತಾಳಬೆಟ್ಟದ ಮೇಲಿನ ತಿರುವುಗಳಲ್ಲಿ ಏಳು ಸೆಂಟಿಮೀಟರು ಸಣ್ಣ ಬಾಬತ್ತಲ್ಲ. ಇನ್ನು ದೊಡ್ಡ ಟೈರು. ಸುತ್ತಳತೆ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಮೀಟರು 50 ತೋರಿಸುವಾಗ ಗಾಡಿ ಓಡುವುದು 55ರಲ್ಲಿ. ಬ್ರೇಕು ನಿಲ್ಲಿಸಬೇಕಾದ ಚಕ್ರವೂ ಮೊದಲಿಗಿಂತ ಭಾರ. ಮುಂಭಾಗದ ಕಬ್ಬಿಣದ ಕಂಬಿಯನ್ನು ಬುಲ್ ಬಾರ್ ಎನ್ನುತ್ತಾರೆ. ಡಿಕ್ಕಿಯಾದಾಗ ಕಾರಿನ ಮೂತಿ ಮುದುಡಿ ಪೆಟ್ಟನ್ನು ನುಂಗುವಂತೆ ಕಾರ್ಖಾನೆಯವರು ಮಾಡಿರುತ್ತಾರೆ. ಈ ಕಂಬಿ ಅದಕ್ಕೆ ಅಡ್ಡಿ, ಗಾಳಿಚೀಲ ಸಕಾಲದಲ್ಲಿ ಬಿಚ್ಚುವುದಕ್ಕೂ ಅಡ್ಡಿ. ಎದುರು ಬಂದ ಪಾದಚಾರಿಗಂತೂ ಅದು ಗದೆ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯ 2017ರ ಡಿಸೆಂಬರಿನಲ್ಲೇ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು.

ಇಂಜಿನ್ನಿನ ಬಲ ಹೆಚ್ಚಿಸುವುದು ಹಳೆಯ ಚಾಳಿ. ಹಿಂದೆ ಡೀಸೆಲ್ ಪಂಪಿನ ಸೀಲು ಒಡೆದು ಒಂದು ಸ್ಕ್ರೂ ತಿರುವುತ್ತಿದ್ದರು. ಗಾಡಿ ಚುರುಕಾಗುತ್ತಿತ್ತು, ಹಿಂದೆ ಕರಿಹೊಗೆಯ ಬಾಲ ಬೆಳೆಯುತ್ತಿತ್ತು. ಈಗ ಸ್ಕ್ರೂವಿನ ಬದಲು ಕಂಪ್ಯೂಟರು. ಹೆಚ್ಚು ಡೀಸೆಲು ಸುಟ್ಟರೆ ಹೆಚ್ಚು ಬಲವೇನೋ ಬರುತ್ತದೆ, ಜೊತೆಗೆ ಹೆಚ್ಚು ಕಾವೂ ಬರುತ್ತದೆ. ಕ್ಲಚ್ಚು, ಗೇರು ಪೆಟ್ಟಿಗೆಗಳು ಮಾತ್ರ ಮೊದಲಿನ ಬಲಕ್ಕೆ ತಕ್ಕಂತೆ ಮಾಡಿದವು. 2020ರ ಏಪ್ರಿಲ್ 1ರಿಂದ ಬಂದಿರುವ ಭಾರತ್ ಸ್ಟೇಜ್ 6ರ ಡೀಸೆಲು ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಜರಡಿಯಿದೆ. ಮಸಿ ಹೆಚ್ಚಿದರೆ ಅದು ಕಟ್ಟಿಕೊಳ್ಳುತ್ತದೆ.

ಕಾನೂನನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸತಕ್ಕದ್ದಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಮಾರ್ಪಾಟೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ದಂಡಕ್ಕಿಂತ ದೊಡ್ಡದು ವಿಮೆ. ಗಾಡಿಯನ್ನು ಬದಲಾಯಿಸಿದ ಸಂಗತಿ ತಿಳಿಸದಿದ್ದರೆ, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಅವಕಾಶವಾಗುತ್ತದೆ. ನನ್ನ ಶಿಷ್ಯನಿಗೂ ತೆಗೆದರು.

ಹಾಗಾದರೆ ಗಾಡಿಗೆ ಏನೂ ಮಾಡಿಸಬಾರದೆ ಎಂದು ಕೇಳಿದರೆ, ನಾನು ಅಷ್ಟು ಮಡಿವಂತನಲ್ಲ. ಆ ಹಿರಿಯ ಮೆಕ್ಯಾನಿಕ್‌ಗೆ ಇದೇ ಪ್ರಶ್ನೆ ಹಾಕಿದೆ. ಅವರು ಹೇಳಿದ್ದು ನನಗೆ ಹಿಡಿಸಿತು: ಹೊಸದನ್ನು ಸೇರಿಸುವ ಮುಂಚೆ ಹಳೆಯದನ್ನು ಸರಿಮಾಡಿ. ಗಾಡಿ ತಗ್ಗುತ್ತದೆಂದು ಬರುವವರಲ್ಲಿ ಎಷ್ಟೋ ಮಂದಿಯ ಗಾಡಿಯಲ್ಲಿ ಒಂದು ಪ್ಲೇಟು ಸೀಳಿರುತ್ತದೆ, ನಡುವಿನ ಬೋಲ್ಟು ಸಡಿಲವಾಗಿರುತ್ತದೆ, ರಬ್ಬರು ಬುಷ್ಷು ಸವೆದಿರುತ್ತದೆ. ಶಾಕಿನಿಂದ ಎಣ್ಣೆ ಸೋರುತ್ತಿದ್ದರೆ ಅಚ್ಚಿನ ಎರಡು ಪಕ್ಕಗಳದನ್ನೂ ಒಟ್ಟಿಗೆ ಬದಲಾಯಿಸಬೇಕು. ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟರೆ ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಬಾರಿ ಕುಣಿದರೆ ಶಾಕಿನ ಕಾಲ ಮುಗಿಯಿತು. ಕಾಡುದಾರಿಯಲ್ಲಿ ನಿತ್ಯ ಓಡುವ ಜೀಪಿಗೆ ಒಳ್ಳೆಯ ಶಾಕು, ಆ ದಾರಿಗೆ ತಕ್ಕ ಹಲ್ಲಿನ, ಅದೇ ಅಳತೆಯ ಟೈರು, ತಳಕ್ಕೆ ಒಂದು ರಕ್ಷಣೆಯ ತಗಡು, ಇವನ್ನು ಹಾಕಿಸುವುದು ಶೋಕಿಯಲ್ಲ. ಜ್ವರದ ಮಗುವನ್ನು ಆಸ್ಪತ್ರೆಗೆ ಮುಟ್ಟಿಸುವ ಜೀಪಿಗೆ ಅವು ಅಗತ್ಯವೇ. ಹೆಚ್ಚು ಭಾರ ಹೊರಲೇಬೇಕಾದವನು ಹೆಚ್ಚು ಭಾರದ ಗಾಡಿಯನ್ನೇ ಕೊಳ್ಳಬೇಕು, ಇಲ್ಲವೆ ಎರಡು ಸಲ ಹೋಗಬೇಕು. “ಎಲ್ಡು ಸಲ ಓದ್ರೆ ಡೀಸೆಲ್ಲು ಯಾರು ಕೊಟ್ಟರು?” ಎಂದು ನನ್ನ ಶಿಷ್ಯ ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮೂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ ವ್ಯಾಪಾರಿ ಎಲ್ಲೋ ಮಂಡಿಯಲ್ಲಿ ಕುಳಿತಿರುತ್ತಾನೆ; ಘಟ್ಟ ಇಳಿಯುವವನು ಇವನು. ಈ ಬಾಡಿಗೆಯ ಕ್ರಮ ಬದಲಾಗದೆ ಗ್ಯಾರೇಜಿನವರನ್ನಷ್ಟೇ ದೂರುವುದರಲ್ಲಿ ನ್ಯಾಯವಿಲ್ಲವೆಂದು ನನಗೆ ತೋರುತ್ತದೆ.

ಗಾಡಿಯನ್ನು ರಿಪೇರಿ ಮಾಡಿಸುವಾಗ ಆ ಎರಡು ಪ್ಲೇಟುಗಳನ್ನು ತೆಗೆಸಿ, ವಾಲ್ವಿನ ಕಡ್ಡಿಯನ್ನು ಕಂಪನಿಯ ಅಳತೆಗೆ ಕೂಡಿಸಿದರು. ನನ್ನ ಶಿಷ್ಯ ಈಗ ಮೂವತ್ತು ಮೂಟೆಗೆ ನಿಲ್ಲಿಸುತ್ತಾನೆ. ಬಾಡಿಗೆ ಕಡಮೆಯಾದದ್ದಕ್ಕೆ ಒಂದೆರಡು ಕಂತು ತಡವಾದುದೂ ಉಂಟು. ಕಾಲು ಮುರಿದುಕೊಂಡ ಹುಡುಗ ನಾಲ್ಕು ತಿಂಗಳು ಮನೆಯಲ್ಲಿದ್ದ. ಆ ನಾಲ್ಕು ತಿಂಗಳೂ ಸಂಜೆಯ ಹೊತ್ತು ನಾನೂ ವಿಜ್ಞಾನದ ಮೇಷ್ಟರೂ ಸರದಿಯಂತೆ ಅವನ ಮನೆಗೆ ಹೋಗಿ ಬರುತ್ತಿದ್ದೆವು. ಗಣಿತವನ್ನು ಅವರು ಹೇಳಿಕೊಟ್ಟರು. ನಾನು ಸುಮ್ಮನೆ ಕುಳಿತಿದ್ದೆನೆಂದರೂ ತಪ್ಪಿಲ್ಲ. ಮುಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈಗ ಕೊಳ್ಳೇಗಾಲದಲ್ಲಿ ಓದುತ್ತಿದ್ದಾನೆ. ಮಳೆಗಾಲದಲ್ಲಿ ಕಾಲು ನೋಯುತ್ತದಂತೆ.

ತೆಗೆದ ಪ್ಲೇಟುಗಳಲ್ಲಿ ಒಂದನ್ನು ನಮ್ಮೂರ ಕುಲುಮೆಯಲ್ಲಿ ಕಾಯಿಸಿ ಬಡಿದು ಎರಡು ಮಚ್ಚು ಮಾಡಿಸಿದರು. ಸ್ಪ್ರಿಂಗಿನ ಉಕ್ಕಿನ ಮಚ್ಚಿಗೆ ಸಮನಾದ ಮಚ್ಚು ಬೇರೆಯಿಲ್ಲವೆಂದು ಕುಲುಮೆಯವರು ಹೇಳುತ್ತಾರೆ. ಇನ್ನೊಂದು ಹಾಗೆಯೇ ಉಳಿದು, ಅವರ ಮನೆಯ ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಕೊಂಡು ಕುಳಿತಿದೆ.